ಎಲೆ ಅದೇ, ಆಟ ಬೇರೆ

2025ರ ದೀಪಾವಳಿ ಪಾಡ್ಯದ ದಿನ ಗೋಪೂಜೆ ಮುಗಿಸಿ, ಊಟ ಮಾಡಿ, ಕವಳದ ಬಟ್ಟಲು ಒಂದು ಸುತ್ತು ಬಂದ ಮೇಲೆ ನಾನು ಸೊಸೆಯ ಎದುರು ಇಸ್ಪೀಟು ಹಿಡಿದು ಕುಳಿತೆ. ಒಂದೇ ತಾಸಿನಲ್ಲಿ ನನ್ನ ಪಾಲಿನ ಅಡಿಕೆಯೆಲ್ಲ ಅವಳ ಮಡಿಲು ಸೇರಿತು. ಹೌದು, ಅಡಿಕೆಯೇ. ದುಡ್ಡು ಹಚ್ಚುವುದು ಬೇಡವೆಂದು ಮೊದಲೇ ಕರಾರಾಗಿತ್ತು. ಬಿಳೆಗೋಟಿಗೆ ಒಂದು, ಚಾಲಿಗೆ ಐದು, ರಾಶಿ ಅಡಿಕೆಗೆ ಹತ್ತು ಎಂದು ಬೆಲೆ ಕಟ್ಟಿದವಳು ನಾನೇ. ಆಡಿದ ಆಟದ ಹೆಸರು ಪೋಕರ್. ಈ ವಯಸ್ಸಿನಲ್ಲಿ ಅದನ್ನು ಕಲಿಸಿಕೊಡು ಎಂದು ಹಟ ಹಿಡಿದವಳೂ ನಾನೇ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಸೋತದ್ದಕ್ಕೆ ಬೇಸರವಿರಲಿಲ್ಲ, ಸೋತ ರೀತಿಗೆ ನಾಚಿಕೆಯಾಯಿತು. ಹತ್ತು ವರ್ಷದವಳಿದ್ದಾಗಿನಿಂದ ಎಲೆ ಹಿಡಿದವಳು ನಾನು. ಮದುವೆ, ಉಪನಯನಗಳ ಮನೆಯಲ್ಲಿ ಊಟದ ನಂತರ ಕಂಬಳಿ ಹಾಸಿದರೆ ಸಾಕು, "ಅದ್ರ ಕೈಗೆ ಎಲೆ ಕೊಡಡಿ" ಎಂದು ನೆಂಟರು ನಗುತ್ತಾರೆ. ಅಂಥವಳು ಮೂವತ್ತು ದಾಟದ ಹುಡುಗಿಯ ಎದುರು ಅಕ್ಷರ ಬಾರದವಳಂತೆ ಕುಳಿತಿದ್ದೆ.

ನನ್ನ ತವರು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿಯ ಮಳೆಗಾಲವೆಂದರೆ ಮೂರು ತಿಂಗಳು ಹೊರಗೆ ಕಾಲಿಡಲಾಗದ ಸೆರೆವಾಸ. ತೋಟದ ಕೊಳೆಮದ್ದಿನ ಕೆಲಸ ಮುಗಿದರೆ ಗಂಡಸರಿಗೆ ಜಗಲಿ, ಹೆಂಗಸರಿಗೆ ಒಳಗೆ ಚನ್ನೆಮಣೆ. ಜಗಲಿಯಲ್ಲಿ ಇಪ್ಪತ್ತೆಂಟು. ಅದಕ್ಕೆ ನಾಲ್ವರು ಬೇಕೇ ಬೇಕು. 1970ರ ಮಳೆಗಾಲದ ಒಂದು ಮಧ್ಯಾಹ್ನ ನಾಲ್ಕನೆಯವರಿಗೆ ಹಳ್ಳ ದಾಟಿ ಬರಲಾಗಲಿಲ್ಲ. ಅಜ್ಜ ಸುತ್ತ ನೋಡಿ, ಕಂಬಕ್ಕೊರಗಿ ನಿಂತಿದ್ದ ನನ್ನನ್ನು ಕರೆದ. "ಕೂಸೇ, ಬಾ ಇಲ್ಲಿ, ಎಲೆ ಹಿಡ್ಕ." ಹೀಗೆ ನನಗೆ ಜಗಲಿಯಲ್ಲಿ ಜಾಗ ಸಿಕ್ಕಿತು. ಸಿಕ್ಕಿದ್ದು ಮಳೆಯ ದಯೆಯಿಂದ.

ಆಟ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಏಳರಿಂದ ಎಕ್ಕದವರೆಗೆ ಬಗೆಗೆ ಎಂಟರಂತೆ 32 ಎಲೆ. ಎದುರುಬದುರು ಕುಳಿತವರು ಜೊತೆಗಾರರು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ರಾಜ ರಾಣಿಯರಿಗೆ ಸೊನ್ನೆ. ಒಂದು ಬಗೆಗೆ ಏಳರಂತೆ ನಾಲ್ಕು ಬಗೆಗೆ 28, ಅದೇ ಆಟದ ಹೆಸರು. ಮೊದಲು ನಾಲ್ಕು ಎಲೆ ಹಂಚಿ 14ರಿಂದ ಕೂಗು ಶುರು. ಹೆಚ್ಚು ಕೂಗಿದವರು ತುರುಪಿನ ಎಲೆಯನ್ನು ಮುಚ್ಚಿಡಬೇಕು. ಆಮೇಲೆ ಉಳಿದ ನಾಲ್ಕು ಎಲೆ. ಮುಚ್ಚಿಟ್ಟ ತುರುಪು ಯಾವುದೆಂದು ಊಹಿಸುವುದು, ಬಿದ್ದ ಎಲೆಗಳನ್ನೆಲ್ಲ ನೆನಪಿಡುವುದು, ಎದುರಿಗೆ ಕುಳಿತ ಜೊತೆಗಾರನ ಮನಸ್ಸನ್ನು ಅವನು ಹಾಕಿದ ಎಲೆಯಿಂದಲೇ ಓದುವುದು. ಇಷ್ಟು ಬಂದರೆ ಆಟ ಬಂದಂತೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಜ್ಜ ನನ್ನನ್ನೇ ಎದುರಿಗೆ ಕೂರಿಸಿಕೊಳ್ಳತೊಡಗಿದ.

ರಾಜನಿಗೆ ಬೆಲೆಯಿಲ್ಲದೆ ಗುಲಾಮ ದೊರೆಯಾಗುವ ಈ ವಿಚಿತ್ರ ಬಂದದ್ದು ಎಲ್ಲಿಂದ? ಸ್ವಿಟ್ಜರ್ಲೆಂಡಿನ ಯಾಸ್, ಹಾಲೆಂಡಿನ ಕ್ಲಾವರ್ಯಾಸ್, ಫ್ರಾನ್ಸಿನ ಬೆಲೋಟ್ ಈ ಆಟಗಳಲ್ಲಿಯೂ ತುರುಪಿನ ಗುಲಾಮನೇ ಮೊದಲು, ಅವನ ಹಿಂದೆ ಒಂಬತ್ತು. ಈ ಸಂಸಾರದ ಮೂಲ ಹಾಲೆಂಡೆಂದೂ, ನಮ್ಮ ದಕ್ಷಿಣದ ಇಪ್ಪತ್ತೆಂಟು, ಐವತ್ತಾರು, ಸಿಂಹಳದ ಮುನ್ನೂರ ನಾಲ್ಕು ಇದೇ ಬಳ್ಳಿಯ ಕುಡಿಗಳಿರಬಹುದೆಂದೂ ಆಟಗಳ ಇತಿಹಾಸ ಬರೆದವರು ಊಹಿಸುತ್ತಾರೆ. ಡಚ್ಚರು 1663ರಿಂದ 1795ರವರೆಗೆ ಕೊಚ್ಚಿಯಲ್ಲಿದ್ದರು. ಅವರ ಭಾಷೆಯಲ್ಲಿ ಮೂರು ದಳದ ಕಪ್ಪು ಎಲೆಗೆ ಕ್ಲಾವರ್, ಕೆಂಪು ಹೃದಯಕ್ಕೆ ಹಾರ್ಟನ್. ನಾವು ಜಗಲಿಯಲ್ಲಿ ಕುಳಿತು ಕಳಾವರ, ಆಟಿನ್ ಎನ್ನುತ್ತಿದ್ದೆವು. ಬಾಯಲ್ಲಿ ಒಮ್ಮೆ ಹೇಳಿ ನೋಡಿ, ಎಷ್ಟು ಹತ್ತಿರ!

ಈ 52 ಎಲೆಯ ಕಟ್ಟಿಗೂ ಮೊದಲು ನಮ್ಮ ದೇಶದಲ್ಲಿದ್ದದ್ದು ಗಂಜೀಫ. ಬಾಬರನು 1527ರಲ್ಲಿ ಸಿಂಧದ ಶಾಹ ಹಸನನಿಗೆ ಗಂಜೀಫದ ಕಟ್ಟು ಕಳಿಸಿದ್ದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಮೊಗಲರ ಕಟ್ಟಿನಲ್ಲಿ 96 ಎಲೆ, ಎಂಟು ಬಗೆ. ದಶಾವತಾರದ ಕಟ್ಟಿನಲ್ಲಿ 120 ಎಲೆ, ಹತ್ತು ಬಗೆ, ಹಗಲು ಆಡಿದರೆ ರಾಮನಿಂದ ಆರಂಭ, ರಾತ್ರಿ ಆಡಿದರೆ ಕೃಷ್ಣನಿಂದ. ಇನ್ನೂ ಒಂದು ಚೋದ್ಯವಿದೆ. ಅರ್ಧ ಬಗೆಗಳಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದ ಅರ್ಧದಲ್ಲಿ ಒಂದು ದೊಡ್ಡದು, ಹತ್ತು ಸಣ್ಣದು! ಒಂದೇ ಕೈಯಲ್ಲಿ ಎರಡು ಲೋಕದ ನ್ಯಾಯ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇದೂ ಸಾಲದೆ ತಾವೇ ಹೊಸ ಎಲೆಯಾಟಗಳನ್ನು ಕಟ್ಟಿದರು. ಅವರ 'ಶ್ರೀತತ್ತ್ವನಿಧಿ'ಯಲ್ಲಿ ಅವುಗಳ ವಿವರವಿದೆ. ಕೆಲವು ಕಟ್ಟುಗಳು ಮುನ್ನೂರು ಎಲೆಯನ್ನು ಮೀರುತ್ತವೆ. ಒಂದು ಆಟ ಕೈಗೆ ಬಂತೆನ್ನುವಾಗ ದೊರೆ ಇನ್ನೊಂದು ತಂದರೆ ಅರಮನೆಯವರ ಪಾಡೇನಾಗಿರಬೇಡ ಎಂದು ನನಗೆ ಈಗ ಅನಿಸುತ್ತದೆ.

ನನ್ನ ಪಾಲಿಗೆ ಆ ಪಾಡು ಬಂದದ್ದು 1982ರಲ್ಲಿ, ಮದುವೆಯಾಗಿ ಯಲ್ಲಾಪುರ ತಾಲ್ಲೂಕಿಗೆ ಹೋದಾಗ. ಆ ಮನೆಯಲ್ಲಿ ಇಪ್ಪತ್ತೆಂಟು ಮಕ್ಕಳಾಟ, ದೊಡ್ಡವರದು ಐವತ್ತಾರು. ಎರಡು ಕಟ್ಟು ಬೆರೆಸಿ, ಎಂಟು ಏಳುಗಳನ್ನು ಕಿತ್ತು, 48 ಎಲೆ. ಮೂವರಿಗೆ ಮೂವರು. ಮೊದಲ ವರ್ಷ ನನ್ನನ್ನು ಯಾರೂ ಕರೆಯಲಿಲ್ಲ. ಕಷಾಯದ ಲೋಟ ಇಟ್ಟು ಬರುವಾಗ ಕಣ್ಣು ಎಲೆಯ ಮೇಲೆ ಹೋಗುತ್ತಿತ್ತು, ಅಷ್ಟೆ. ಎರಡನೆಯ ವರ್ಷ ಯಾರದೋ ಶ್ರಾದ್ಧದ ಮರುದಿನ ಆರನೆಯವರು ಕಡಿಮೆ ಬಿದ್ದರು. ಮಾವ ಹೇಳಿಕಳಿಸಿದರು. ನನಗೋ ಎಲ್ಲಿಲ್ಲದ ಗರ್ವ. ಸಿದ್ದಾಪುರದ ಹುಡುಗಿ ಎಂಥವಳೆಂದು ತೋರಿಸಿಬಿಡುತ್ತೇನೆ ಎಂದು ಕುಳಿತೆ.

ಮೊದಲ ಕೈಯಲ್ಲೇ ಎಡವಿದೆ. ಇಪ್ಪತ್ತೆಂಟರಲ್ಲಿ ತುರುಪನ್ನು ಮುಚ್ಚಿಡಬೇಕು, ಮುಖದಲ್ಲೂ ತೋರಿಸಬಾರದು. ಐವತ್ತಾರಿನಲ್ಲಿ ಕೂಗುವಾಗಲೇ ಬಗೆಯ ಹೆಸರು ಹೇಳಬೇಕು. ಅಂಕೆ ಮೊದಲು ಹೇಳಿದರೆ ಒಂದು ಅರ್ಥ, ಬಗೆ ಮೊದಲು ಹೇಳಿದರೆ ಇನ್ನೊಂದು. ಕೂಗೇ ಒಂದು ಭಾಷೆ. ಜೊತೆಗಾರರಿಗೆ ಹೇಳದೆ ಉಳಿಸಿಕೊಂಡವನೇ ಅಲ್ಲಿ ಹೆಡ್ಡ. ಮಾವ ಎಲೆ ಕೆಳಗಿಟ್ಟು, "ಇಲ್ಲಿ ಮುಚ್ಚಿಡದಲ್ಲ ತಂಗಿ, ಹೇಳದು" ಎಂದರು. ಮದುವೆಯಾಗಿ ಇನ್ನೊಂದು ಮನೆಗೆ ಹೋದ ಯಾವ ಹೆಂಗಸಿಗೂ ಇದು ಹೊಸದಲ್ಲ. ಅದೇ ಅಕ್ಕಿ, ಅದೇ ಉಪ್ಪು, ಅದೇ ಹುಳಿ, ಆದರೂ ಅತ್ತೆಮನೆಯ ಸಾರು ಬೇರೆ. ಏನೂ ಬಾರದವಳು ಅದನ್ನು ಬೇಗ ಕಲಿಯುತ್ತಾಳೆ. ತವರಿನ ಸಾರು ಚೆನ್ನಾಗಿ ಬರುವವಳ ಕೈಯೇ ಹಳೆಯ ಅಳತೆಗೆ ಮತ್ತೆ ಮತ್ತೆ ಹೋಗುತ್ತದೆ. ಐವತ್ತಾರು ನನಗೆ ಒಲಿಯಲು ಒಂದು ಇಡೀ ವರ್ಷ ಬೇಕಾಯಿತು.

ಇನ್ನು ನಮ್ಮ ತವರಿನ ಒಂದು ಕಟ್ಟುನಿಟ್ಟಿನ ವಿಷಯ. ಜಗಲಿಯಲ್ಲಿ ಇಪ್ಪತ್ತೆಂಟಕ್ಕೆ ಜಾಗವಿತ್ತು, ಮೂರೆಲೆಗೆ ಇರಲಿಲ್ಲ. ಕಾರಣ ನಮ್ಮ ಸಣ್ಣಜ್ಜಿ, ಅಜ್ಜನ ತಮ್ಮನ ಹೆಂಡತಿ. ಆಕೆಯ ಗಂಡ ಯಾವುದೋ ಕಾಲದಲ್ಲಿ ಊರಾಚೆ ಮೂರೆಲೆಗೆ ಕುಳಿತವರು, ಮೊದಲು ಅಡಿಕೆ ಮಾರಿದ ದುಡ್ಡು, ಆಮೇಲೆ ಆಕೆಯ ಪಾಟ್ಲಿ, ಕೊನೆಗೆ ತೋಟದ ಒಂದು ತುಂಡು ಹೀಗೆ ಕಳೆದರಂತೆ. ನಾನು ಕಂಡಾಗ ಸಣ್ಣಜ್ಜಿಗೆ ಎಪ್ಪತ್ತು. ಕೈಯಲ್ಲಿ ಗಾಜಿನ ಬಳೆ ಮಾತ್ರ. ಒಮ್ಮೆ ಕೇಳಿದೆ, ಮೂರೆಲೆ ಎಂದರೆ ಹೇಗೆ ಆಡುವುದು ಎಂದು. "ಯಂಗೆಂತ ಗೊತ್ತಿದ್ದು? ಆಡಿದ್ದು ಅವು, ಸೋತಿದ್ದು ಆನು" ಎಂದಳು. ಸಿಟ್ಟಿರಲಿಲ್ಲ, ಬತ್ತಿ ಹೊಸೆಯುತ್ತಲೇ ಹೇಳಿದಳು. ದೀಪಾವಳಿಯ ಪಾಡ್ಯವನ್ನು ದ್ಯೂತಪ್ರತಿಪದೆ ಎನ್ನುತ್ತಾರೆ, ಅಂದು ಶಿವ ಪಾರ್ವತಿಯರು ಪಗಡೆಯಾಡಿದರೆಂದು ಕಥೆ. ಅಲ್ಲಿ ಪಾರ್ವತಿಗೆ ಆಟದಲ್ಲಿ ಜಾಗವಿತ್ತು. ಕುರುಸಭೆಯ ದ್ಯೂತದಲ್ಲಿ ದ್ರೌಪದಿಗೆ ಇರಲಿಲ್ಲ. ನಮ್ಮ ಕಡೆಯ ಬಯಲಾಟದಲ್ಲಿ ದ್ರೌಪದಿಯ ಪಾತ್ರಧಾರಿ ಸಭೆಗೆ ಪ್ರಶ್ನೆ ಹಾಕುವಾಗ ನನಗೆ ನೆನಪಾಗುವುದು ಸಣ್ಣಜ್ಜಿಯ ಬರಿಗೈ.

ಕಾನೂನಿಗೂ ಈ ಆಟಗಳ ಜೊತೆ ಹಳೆಯ ಜಗಳ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಹೋಯಿತು. ಹಾಗಾಗಿ 1887ರ ಮುಂಬಯಿ ಜೂಜು ತಡೆ ಕಾಯ್ದೆ ಇಲ್ಲಿಗೂ ಅನ್ವಯಿಸಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1963ರ ಪೊಲೀಸ್ ಕಾಯ್ದೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಬಹುಮಟ್ಟಿಗೆ ಜಾಣ್ಮೆಯ ಆಟ, ಮೂರೆಲೆ ಹಾಗಲ್ಲ, ಅದು ಬರೀ ಅದೃಷ್ಟದ್ದು ಎಂದು ತೀರ್ಪು ಕೊಟ್ಟಿತು. ಸಣ್ಣಜ್ಜಿ ಇದನ್ನು ಕೋರ್ಟಿಗಿಂತ ಎಷ್ಟೋ ಮೊದಲೇ ತೀರ್ಮಾನಿಸಿದ್ದಳು. ಆಮೇಲೆ ಆಟ ಜಗಲಿ ಬಿಟ್ಟು ಫೋನಿಗೆ ಹೋಯಿತು. 2021ರಲ್ಲಿ ನಮ್ಮ ರಾಜ್ಯ ದುಡ್ಡು ಹಚ್ಚುವ ಫೋನಿನ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ನಿಷೇಧದ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು.

ಆ ನಡುವಿನ ವರ್ಷಗಳಲ್ಲಿಯೇ ನನ್ನ ಮಗ ಸೋತದ್ದು. ಬೆಂಗಳೂರಿನ ಕೋಣೆಯಲ್ಲಿ, ರಾತ್ರಿ, ಫೋನಿನಲ್ಲಿ, ಪೋಕರ್. ಸಾಲ ಎಷ್ಟೆಂದು ಬರೆಯಲು ಕೈ ಬರುವುದಿಲ್ಲ. ತೀರಿದೆ, ಅಷ್ಟು ಸಾಕು. ನಾವು ಆಗ ಯಲ್ಲಾಪುರದ ಹಳ್ಳಿ ಬಿಟ್ಟು ಶಿರಸಿ ಪೇಟೆಗೆ ಬಂದಾಗಿತ್ತು. ಸೊಸೆ ಒಬ್ಬಳೇ ಬಸ್ಸು ಹತ್ತಿ ಬಂದು ಅಡುಗೆಮನೆಯಲ್ಲಿ ಕುಳಿತು ನನಗೆ ಹೇಳಿದಳು. ನಾನು ಕೇಳಿದೆ, ಆ ಆಟದಲ್ಲಿ ಏನಿದೆ? ಅವಳಿಗೆ ಗೊತ್ತಿತ್ತು. ಮದುವೆಯಾದ ಮೇಲೆ ಅವನಿಂದಲೇ ಕಲಿತಿದ್ದಳು, ಅವನಿಗಿಂತ ಚೆನ್ನಾಗಿ ಆಡುತ್ತಿದ್ದಳು. ಗೊತ್ತಿಲ್ಲದಿದ್ದವಳು ನಾನೊಬ್ಬಳೇ. ಅರುವತ್ತು ವರ್ಷದ ನಂತರವೂ ನಾನು ಸಣ್ಣಜ್ಜಿಯ ಜಾಗದಲ್ಲೇ ಕುಳಿತಿದ್ದೆ. ಅದು ನನಗೆ ಸಹಿಸಲಿಲ್ಲ. ಹಬ್ಬಕ್ಕೆ ಬರುವಾಗ ಒಂದು ಕಟ್ಟು ಇಸ್ಪೀಟು ತಾ, ನನಗೂ ಕಲಿಸು ಎಂದೆ.

ಮಗ ಮೊದಲು ಹತ್ತಿರ ಬರಲಿಲ್ಲ. ಸೊಸೆಯೇ, "ಎಲ್ಲರ ಎದುರಿಗೆ, ಅಡಿಕೆ ಇಟ್ಟು ಆಡಿದರೆ ಏನೂ ಆಗುವುದಿಲ್ಲ, ಬನ್ನಿ" ಎಂದು ಕರೆದಳು. ನಾಲ್ಕನೆಯವನಾಗಿ ಮೈದುನ ಕುಳಿತ. ಹಾಸ್ಟೆಲಿನ ದಿನಗಳಲ್ಲಿ ಮೂರೆಲೆ ಆಡಿದ ಅನುಭವ ಅವನಿಗಿತ್ತು, ಧೈರ್ಯವೂ ಇತ್ತು.

ಆಟ ಹೇಳಿದರೆ ಸುಲಭ. ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು, ಹೀಗೆ ಐದು ಎಲೆ ಎಲ್ಲರಿಗೂ ಕಾಣುವಂತೆ ಬಿಚ್ಚುತ್ತಾರೆ. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ನಡುನಡುವೆ ಅಡಿಕೆ ಹಾಕುತ್ತ ಹೋಗಬೇಕು, ಬೇಡವಾದರೆ ಕೈ ಬಿಡಬೇಕು. ಇದಕ್ಕೆ ಟೆಕ್ಸಾಸ್ ಹೋಲ್ಡೆಮ್ ಎಂದು ಹೆಸರು. ಟೆಕ್ಸಾಸಿನ ರಾಬ್ಸ್‌ಟೌನ್ ಎಂಬ ಊರಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಟ್ಟಿತೆಂದು ಆ ರಾಜ್ಯದ ಶಾಸನಸಭೆ 2007ರಲ್ಲಿ ಠರಾವು ಮಾಡಿ ಮಾನ್ಯ ಮಾಡಿದೆ.

ಪೋಕರ್ ಇನ್ನೂ ಹಳೆಯದು. 1829ರ ಹೊತ್ತಿಗೆ ಅಮೆರಿಕದ ಮಿಸಿಸಿಪಿ ನದಿಯ ಹಡಗುಗಳಲ್ಲಿ ಅದನ್ನು ಆಡುತ್ತಿದ್ದದ್ದು ಬರೇ 20 ಎಲೆಯಲ್ಲಿ. ಹತ್ತರಿಂದ ಎಕ್ಕದವರೆಗೆ, ನಾಲ್ವರಿಗೆ ಐದೈದು, ಎಲ್ಲ ಎಲೆಯೂ ಹಂಚಿಹೋಗುತ್ತಿತ್ತು. ನಮ್ಮ ಇಪ್ಪತ್ತೆಂಟಿನ ಹಾಗೆ! ಮುಂದೆ 52 ಎಲೆಯಾಯಿತು, ಎಲೆ ಬದಲಿಸಿಕೊಳ್ಳುವ ಪೋಕರ್ ಬಂತು, ಕೆಲವನ್ನು ಬಿಚ್ಚಿ ಆಡುವ ಪೋಕರ್ ಬಂತು, 1960ರ ದಶಕದಲ್ಲಿ ಹೋಲ್ಡೆಮ್ ಲಾಸ್ ವೇಗಾಸಿಗೆ ಬಂತು. 1970ರಲ್ಲಿ ಅಲ್ಲಿ ಶುರುವಾದ ವಿಶ್ವ ಪಂದ್ಯದ ಮುಖ್ಯ ಆಟ ಮರುವರ್ಷದಿಂದ ಇದೇ ಆಯಿತು. 1995ರಲ್ಲಿ ಬಾರ್ಬರಾ ಎನ್‌ರೈಟ್ ಎಂಬಾಕೆ ಅದರ ಕೊನೆಯ ಮೇಜಿಗೆ ತಲುಪಿದ ಮೊದಲ ಹೆಂಗಸಾದಳು, 5ನೆಯ ಸ್ಥಾನ ಪಡೆದಳು. ಪ್ರತಿ ಸಲ ಆಟ ಬದಲಾದಾಗಲೂ ಹಳೆಯದರಲ್ಲಿ ಪಳಗಿದವರು ಮತ್ತೆ ಮೊದಲಿನಿಂದ ಕುಳಿತಿರಲೇಬೇಕು. ನನಗೆ ಇದು ಸ್ವಲ್ಪ ಸಮಾಧಾನ ಕೊಟ್ಟಿತು.

ಮೊದಲ ದಿನ ನನ್ನನ್ನು ಕೆಡಿಸಿದ್ದು ಗುಲಾಮ. ಗುಲಾಮ ಮತ್ತು ಒಂಬತ್ತು ಒಂದೇ ಬಗೆಯದು ಕೈಗೆ ಬಂದರೆ ಇಪ್ಪತ್ತೆಂಟಿನಲ್ಲಿ ಹಬ್ಬ. ಐವತ್ತು ವರ್ಷದ ಅಭ್ಯಾಸ, ಎದೆ ತನ್ನಷ್ಟಕ್ಕೆ ಹಿಗ್ಗುತ್ತದೆ. ಪೋಕರಿನಲ್ಲಿ ಅದು ಸಾಧಾರಣ ಜೊತೆ, ಎಕ್ಕ ರಾಜ ರಾಣಿಯರೆಲ್ಲ ಅವನ ಮೇಲೆ. ಎರಡನೆಯ ತೊಡಕು, ಹಂಚಿದ ಎಲೆಯನ್ನು ಕೊನೆಯವರೆಗೆ ಆಡಲೇಬೇಕೆಂಬ ನನ್ನ ನಂಬಿಕೆ. ಕೈ ಬಿಡುವುದೂ ಒಂದು ಆಟ, ಹೆಚ್ಚಿನ ಸಲ ಅದೇ ಸರಿಯಾದ ಆಟ ಎಂದು ಸೊಸೆ ಹತ್ತು ಸಲ ಹೇಳಬೇಕಾಯಿತು. ಮೂರನೆಯದು, ಎದುರಿಗೆ ಜೊತೆಗಾರನಿಲ್ಲ. ಎದುರಿಗಿರುವವರೆಲ್ಲ ಎದುರಾಳಿಗಳು, ಸುಳ್ಳು ಹೇಳಲು ಅವರಿಗೆ ಪರವಾನಗಿ ಇದೆ.

ಮೈದುನನ ಪಾಡು ಇನ್ನೂ ತಮಾಷೆ. ಅವನು ಸಾಲಾಗಿ ಐದು ಎಲೆ ಹಿಡಿದು ಗೆದ್ದೆನೆಂದು ಅಡಿಕೆಗೆ ಕೈ ಹಾಕಿದ. ಸೊಸೆ ಒಂದೇ ಬಗೆಯ ಐದು ಎಲೆ ತೋರಿಸಿ ಎಳೆದುಕೊಂಡಳು. ಮೂರೆಲೆಯಲ್ಲಿ ಸಾಲು ದೊಡ್ಡದು, ಬಗೆ ಸಣ್ಣದು. ಇಲ್ಲಿ ತಿರುವುಮುರುವು. ಅನ್ಯಾಯವೆಂದು ಅವನು ಕೂಗಾಡಿದ. ಅನ್ಯಾಯವಲ್ಲ, ಲೆಕ್ಕ. ಮೂರು ಎಲೆಯ 22,100 ಕೈಗಳಲ್ಲಿ ಬರಿಯ ಒಂದೇ ಬಗೆಯವು 1,096, ಬರಿಯ ಸಾಲಿನವು 720. ಐದು ಎಲೆಯ 25,98,960 ಕೈಗಳಲ್ಲಿ ಒಂದೇ ಬಗೆಯವು 5,108, ಸಾಲಿನವು 10,200. ಅಪರೂಪದ್ದಕ್ಕೆ ಬೆಲೆ ಹೆಚ್ಚು, ಅಷ್ಟೆ. ಎರಡು ಎಲೆ ಹೆಚ್ಚಾದದ್ದಕ್ಕೆ ನ್ಯಾಯವೇ ಮಗುಚಿತು.

ಎರಡನೆಯ ದಿನ ಬಿಡುವುದನ್ನು ಕಲಿತೆ. ಬಿಟ್ಟವರಿಗೆ ನೋಡಲು ಪುರಸೊತ್ತು ಸಿಗುತ್ತದೆ. ಆಗ ಗೊತ್ತಾಯಿತು, ಅಜ್ಜನ ಎದುರು ಕಲಿತದ್ದೆಲ್ಲ ವ್ಯರ್ಥವಾಗಿರಲಿಲ್ಲ. ಯಾರು ತಡವರಿಸಿ ಕೂಗಿದರು, ಯಾರ ಕಣ್ಣು ಯಾವ ಎಲೆಗೆ ಎರಡು ಸಲ ಹೋಯಿತು ಎಂಬುದನ್ನು ನಾನು ಕಾಣಬಲ್ಲೆ. ಗುಲಾಮನ ಮೋಹ ಬಿಟ್ಟು ಆ ಕಣ್ಣನ್ನು ಉಳಿಸಿಕೊಂಡರೆ ಸಾಕಾಗಿತ್ತು.

ಮೂರನೆಯ ರಾತ್ರಿ ಕಳಾವರದ ಗುಲಾಮ, ಕಳಾವರದ ಒಂಬತ್ತು ಬಂತು. ಒಂದು ಕ್ಷಣ ನೋಡಿ ಮಗುಚಿಟ್ಟೆ. ನಡುವೆ ನಾಲ್ಕು ಎಲೆ ಬಿಚ್ಚಿಯಾಗಿತ್ತು, ಅದರಲ್ಲಿ ಎರಡು ಇಸ್ಪೀಟು. ಮಗನ ಕಣ್ಣು ಆ ಎರಡನ್ನು ಬಿಟ್ಟು ಹೋಗುತ್ತಿರಲಿಲ್ಲ. ಕೈಯಲ್ಲಿ ಎರಡಿವೆ, ಇನ್ನೊಂದು ಬೇಕು. ಅಂದು ಅವನು ಸೋಲುತ್ತ ಬಂದಿದ್ದ, ಸೋತಂತೆಲ್ಲ ಹೆಚ್ಚು ಹೆಚ್ಚು ಹಾಕುತ್ತಿದ್ದ. ಈಗ ಉಳಿದ ಅಡಿಕೆಯನ್ನೆಲ್ಲ ಎರಡೂ ಅಂಗೈಯಿಂದ ಮುಂದೆ ನೂಕಿದ. ಆ ನೂಕುವ ರೀತಿ ನೋಡಿ ನನ್ನ ಹೊಟ್ಟೆಯಲ್ಲಿ ಏನೋ ತಿರುಚಿದಂತಾಯಿತು. ಬೆಂಗಳೂರಿನ ಆ ಕೋಣೆ ಕಣ್ಣೆದುರು ಬಂತು.

ಕೈ ಬಿಟ್ಟವರು ಮಾತಾಡಬಾರದು ಎಂಬುದು ಆಟದ ನಿಯಮ. ತಾಯಿಗೆ ಆ ನಿಯಮವಿಲ್ಲ. "ನಿಂಗೆ ಕಾಣದ ಎಲೆ 46. ಬೇಕಾದ ಇಸ್ಪೀಟು 9. ಐದು ಸಲದಲ್ಲಿ ಒಂದು ಸಲ ಬತ್ತು" ಎಂದೆ.

"ಗೊತ್ತಿದ್ದು ಆಯಿ."

"ಗೊತ್ತಿದ್ದೂ ಹಾಕ್ತ್ಯನಾ?"

ಯಾರೂ ಮಾತಾಡಲಿಲ್ಲ. ಅವನು ಬಹಳ ಹೊತ್ತು ಅಡಿಕೆಯ ರಾಶಿ ನೋಡುತ್ತ ಕುಳಿತ. ಆಮೇಲೆ ಎರಡು ಎಲೆಯನ್ನೂ ಬಿಚ್ಚಿ ಹಾಸಿನ ಮೇಲಿಟ್ಟ. ಎರಡೂ ಇಸ್ಪೀಟು. "ಅಲ್ಲಿಯೂ ಹಿಂಗೇ ಆಗಿತ್ತು" ಎಂದ. ಅಷ್ಟು ದಿನದಲ್ಲಿ ಅವನು ಆ ವಿಷಯ ಬಾಯಿಬಿಟ್ಟದ್ದು ಅದೇ ಮೊದಲು. ಸೊಸೆ ಉಳಿದ ಎಲೆ ಬಿಚ್ಚಲು ಹೋಗಲಿಲ್ಲ. ಐದನೆಯದು ಯಾವುದಿತ್ತೆಂದು ಇಂದಿಗೂ ನಮಗೆ ತಿಳಿಯದು.

ಮರುದಿನ ಅವರು ಬೆಂಗಳೂರಿಗೆ ಹೊರಟರು. ಮಾತು ಆ ರಾತ್ರಿ ಶುರುವಾದದ್ದು ಬೆಳಗಿನವರೆಗೂ ನಡೆದಿತ್ತು. ಅದರಲ್ಲಿ ಬರೆಯಬಹುದಾದದ್ದು ಹೆಚ್ಚಿಲ್ಲ. ಇಸ್ಪೀಟಿನ ಕಟ್ಟನ್ನು ಸೊಸೆ ನನ್ನ ಹತ್ತಿರವೇ ಬಿಟ್ಟುಹೋಗಿದ್ದಾಳೆ. ಬಸ್ಸು ಹೋದ ಮೇಲೆ ನಾನು ಅಡಿಕೆಯನ್ನು ಬೇರೆ ಬೇರೆ ಮಾಡಿ, ಗೋಟು ಗೋಟಿಗೆ, ಚಾಲಿ ಚಾಲಿಗೆ, ರಾಶಿ ರಾಶಿಗೆ ಎಣಿಸಿ ಚೀಲಕ್ಕೆ ಹಾಕಿದೆ. ಒಂದೂ ಕಡಿಮೆಯಿರಲಿಲ್ಲ.